ಗಾಲಿ, ದೀಪ ಮತ್ತು ಘಟ್ಟದ ರಸ್ತೆ

ಹೊಸದಾಗಿ ಕಾರು ಕೊಂಡವರು, ಅದರಲ್ಲೂ ಯುವಕರು, ಮೊದಲು ಬದಲಾಯಿಸಲು ಹೊರಡುವ ವಸ್ತುಗಳು ಎರಡು. ಒಂದು ಗಾಲಿ, ಇನ್ನೊಂದು ಹೆಡ್‌ಲೈಟು. ಉಕ್ಕಿನ ಗಾಲಿಯ ಜಾಗಕ್ಕೆ ಹೊಳೆಯುವ ಅಲಾಯ್ ಗಾಲಿ ಬರುತ್ತದೆ. ಹಳದಿ ಬೆಳಕಿನ ಬಲ್ಬಿನ ಜಾಗಕ್ಕೆ ನೀಲಿ ಛಾಯೆಯ ಎಲ್‌ಇಡಿ ಬರುತ್ತದೆ. ಬೆಂಗಳೂರಿನಲ್ಲಿ ಹೇಗೋ ಕೊಳ್ಳೇಗಾಲದಲ್ಲೂ ಹಾಗೆಯೇ. ಮನೆಯ ಹಿರಿಯರು ಇದನ್ನು ಷೋಕಿ ಎಂದು ಕರೆದು ಸುಮ್ಮನಾಗುತ್ತಾರೆ. ಷೋಕಿ ಇರಬಹುದು. ಆದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಹವ್ಯಾಸವಲ್ಲ. ಕೊಂಡ ಗಾಡಿಗೆ ಬೇರೆ ಗಾಲಿ ಹಾಕುವುದು, ಬೇರೆ ದೀಪ ಕಟ್ಟುವುದು ಮೋಟಾರು ಬರುವುದಕ್ಕಿಂತ ಮೊದಲಿನಿಂದಲೂ ನಡೆದುಬಂದಿದೆ.

ವಿದ್ಯಾರ್ಥಿ ಮಿತ್ರರೇ, ಈ ಲೇಖನದಲ್ಲಿ ಆ ಇತಿಹಾಸವನ್ನು ಮೂರು ಊರುಗಳ ರಸ್ತೆಗಳ ಮೇಲೆ ನಿಂತು ನೋಡೋಣ. ನೋಡುತ್ತ ಹೋದಂತೆ ಒಂದು ಪ್ರಶ್ನೆಯನ್ನು ಕೈಬಿಡದೆ ಇಟ್ಟುಕೊಳ್ಳೋಣ. ಗಾಲಿ ಸುಧಾರಿಸಿದಾಗ, ದೀಪ ಪ್ರಖರವಾದಾಗ ಗಾಡಿಯ ಒಡೆಯನಿಗೆ ಲಾಭವಾಯಿತು, ಸರಿ. ಅದರ ಬೆಲೆಯನ್ನು ತೆತ್ತವರು ಯಾರು?

ಮೂರು ಊರು, ಮೂರು ರಸ್ತೆ

ಕೊಳ್ಳೇಗಾಲ, ಹನೂರು, ಯಳಂದೂರು ಇಂದು ಚಾಮರಾಜನಗರ ಜಿಲ್ಲೆಯ ನೆರೆಹೊರೆಯ ಊರುಗಳು. ಆದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅವುಗಳ ನಡುವೆ ಒಂದು ಗಡಿ ಹಾದುಹೋಗಿತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಇಂಗ್ಲಿಷರ ಪಾಲಾಯಿತು. ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಕೂಡ ಅದೇ ಕಡೆ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗಾಗಿ ಕೊಳ್ಳೇಗಾಲದಿಂದ ಯಳಂದೂರಿಗೆ ಹೊರಟ ಗಾಡಿ ಒಂದು ಸರ್ಕಾರದ ನೆಲದಿಂದ ಮತ್ತೊಂದು ಸರ್ಕಾರದ ನೆಲಕ್ಕೆ ದಾಟುತ್ತಿತ್ತು. ಬ್ರಿಟಿಷ್ ಭಾರತದಲ್ಲಿ 1914ರಲ್ಲಿ ಮೋಟಾರು ವಾಹನ ಕಾಯ್ದೆ ಬಂದಾಗ, ಆಮೇಲೆ 1939ರಲ್ಲಿ ಹೊಸ ಕಾಯ್ದೆ ಬಂದಾಗ, ಅವು ಕೊಳ್ಳೇಗಾಲಕ್ಕೆ ಅನ್ವಯವಾದವು. ಸಂಸ್ಥಾನದ ಯಳಂದೂರಿಗೆ ನೇರವಾಗಿ ಅನ್ವಯವಾಗಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಈ ಗಡಿ ಅಳಿಯಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು.

ಇಲ್ಲಿಯ ರಸ್ತೆಗಳಲ್ಲಿ ಮೂರು ಬಗೆ. ಕೊಳ್ಳೇಗಾಲ ನಾಲ್ಕೂ ದಿಕ್ಕಿನ ದಾರಿಗಳು ಕೂಡುವ ಊರು, ರೇಷ್ಮೆಯ ಊರು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ದಾಟಿ ಬರುವ ಹೆದ್ದಾರಿ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಮೂಲಕ ಸತ್ಯಮಂಗಲಕ್ಕೆ ಇಳಿಯುತ್ತದೆ. ಎರಡನೆಯದು ಹನೂರಿನ ದಾರಿ. ಅದು ಕೌದಳ್ಳಿ, ತಾಳುಬೆಟ್ಟ ದಾಟಿ ತಿರುವುಗಳ ಘಟ್ಟವನ್ನು ಹತ್ತಿ ಮಲೆ ಮಹದೇಶ್ವರ ಬೆಟ್ಟ ಸೇರುತ್ತದೆ. ಮೂರನೆಯದು ಯಳಂದೂರಿನ ಗದ್ದೆ ಬಯಲಿನಿಂದ ಕಾಡಿನೊಳಗೆ ಹೊಕ್ಕು ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ದಾರಿ. ಬಯಲು, ಘಟ್ಟ, ಕಾಡು: ಗಾಲಿಗೂ ದೀಪಕ್ಕೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಿಲ್ಲ.

ಪಟ್ಟಿ ಕಟ್ಟಿದ ಗಾಲಿ

ಎತ್ತಿನ ಗಾಡಿಯ ಮರದ ಗಾಲಿ ಸಾಮಾನ್ಯ ವಸ್ತುವಲ್ಲ. ನಡುವೆ ಗುಂಬ, ಅದರಿಂದ ಹೊರಟ ಅರೆಗಳು, ಅರೆಗಳ ತುದಿಗೆ ಕೂಡಿಸಿದ ಬಾಗಿದ ಮರದ ತುಂಡುಗಳು, ಎಲ್ಲವನ್ನೂ ಬಿಗಿದು ಹಿಡಿಯುವ ಕಬ್ಬಿಣದ ಪಟ್ಟಿ. ಇದರಲ್ಲಿ ಬಡಗಿಯ ಲೆಕ್ಕ ಎಷ್ಟಿದೆಯೋ ಕಮ್ಮಾರನ ಲೆಕ್ಕವೂ ಅಷ್ಟೇ ಇದೆ. ಪಟ್ಟಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಿದ್ದರು. ಬೆರಣಿಯ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿ ಗಾಲಿಯ ಸುತ್ತ ಇಳಿಸಿ ನೀರು ಹೊಯ್ಯುತ್ತಿದ್ದರು. ತಣಿದ ಪಟ್ಟಿ ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತಿತ್ತು.

ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಓದಿದ ಉಷ್ಣ ವಿಕಾಸವನ್ನು ಇಲ್ಲಿ ನೆನಪು ಮಾಡಿಕೊಳ್ಳಿ. ಒಂದೂವರೆ ಮೀಟರ್ ವ್ಯಾಸದ ಗಾಲಿಯ ಸುತ್ತಳತೆ ಸುಮಾರು 4.7 ಮೀಟರ್. ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. 500 ಡಿಗ್ರಿ ಕಾಯಿಸಿದರೆ ಪಟ್ಟಿಯ ಸುತ್ತಳತೆ ಸುಮಾರು 28 ಮಿಲಿಮೀಟರ್ ಹೆಚ್ಚುತ್ತದೆ. ಈ ಒಂದು ಅಂಗುಲದಷ್ಟು ಹಿಗ್ಗು ಕುಗ್ಗಿನ ಮೇಲೆ ನಮ್ಮ ಸೀಮೆಯ ರಾಗಿ, ಭತ್ತ, ಸೌದೆ, ಮದುವೆಯ ದಿಬ್ಬಣ ಎಲ್ಲವೂ ಸಾಗಿ ಬಂದವು.

ಗಾಡಿಗೆ ಇದು ಒಳ್ಳೆಯ ಗಾಲಿ. ರಸ್ತೆಗೆ ಮಾತ್ರ ಅಲ್ಲ. ಇಡೀ ಹೊರೆಯ ತೂಕ ಅಗಲ ಕಿರಿದಾದ ಕಬ್ಬಿಣದ ಪಟ್ಟಿಯ ಮೇಲೆ ನಿಲ್ಲುವುದರಿಂದ ಅದು ಮಣ್ಣಿನ ದಾರಿಯನ್ನು ಕೊರೆಯುತ್ತದೆ, ಜಲ್ಲಿ ರಸ್ತೆಯ ಕಲ್ಲನ್ನು ಪುಡಿ ಮಾಡುತ್ತದೆ. ಗಾಡಿ ನಡೆದ ಜಾಡಿನಲ್ಲೇ ಮುಂದಿನ ಗಾಡಿಯೂ ನಡೆಯಬೇಕಾಗಿ ಬಂದು ಜಾಡು ಕಾಲುವೆಯಾಗುತ್ತದೆ. ಒಳ್ಳೆಯ ಗಾಲಿಯ ಬೆಲೆಯನ್ನು ರಸ್ತೆ ತೆತ್ತಿತು. ನಮ್ಮ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಇದು.

ಗಾಳಿ ತುಂಬಿದ ಗಾಲಿ

ಗಾಳಿ ತುಂಬಿದ ಟೈರಿಗೆ ಮೊದಲ ಪೇಟೆಂಟ್ ಪಡೆದವನು ಸ್ಕಾಟ್‌ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯ ಅದನ್ನು ಸೈಕಲ್ಲಿಗಾಗಿ ಮತ್ತೆ ಕಂಡುಹಿಡಿದ. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ಓಟದಲ್ಲಿ ಮೋಟಾರು ಕಾರಿಗೂ ಗಾಳಿ ಟೈರು ಹಾಕಿ ಓಡಿಸಿದರು. ಕಬ್ಬಿಣದ ಪಟ್ಟಿ ರಸ್ತೆಯನ್ನು ತನಗೆ ಬೇಕಾದಂತೆ ಒಡೆಯುತ್ತದೆ. ಗಾಳಿ ಟೈರು ಹಾಗಲ್ಲ, ಅದು ರಸ್ತೆಗೆ ತಕ್ಕಂತೆ ತಾನೇ ಬಾಗುತ್ತದೆ. ತೂಕವನ್ನು ಅಗಲವಾದ ಜಾಗಕ್ಕೆ ಹಂಚುತ್ತದೆ.

ನಮ್ಮ ಹಳ್ಳಿಗಳಲ್ಲಿ ಗಾಳಿ ಟೈರಿನ ಲಾಭ ಪಡೆದದ್ದು ಕಾರಿಗಿಂತ ಹೆಚ್ಚಾಗಿ ಎತ್ತಿನ ಗಾಡಿ. ಡನ್ಲಪ್ ಕಂಪನಿ 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಪ್ರಾಣಿಗಳು ಎಳೆಯುವ ಗಾಡಿಗೆಂದೇ ಬೇರೆ ಟೈರುಗಳು ಭಾರತದಲ್ಲಿ ತಯಾರಾದವು. ರೈತರು ಮರದ ಗಾಲಿಯನ್ನು ಬಿಚ್ಚಿ, ಹಳೆಯ ಗಾಡಿಯ ಕೆಳಗೆ ಕಬ್ಬಿಣದ ಅಚ್ಚು, ಬೇರಿಂಗು, ಟೈರು ಕೂಡಿಸಿದರು. ಜನ ಅದನ್ನು ಟೈರು ಗಾಡಿ ಎಂದರು, ಡನ್ಲಪ್ ಗಾಡಿ ಎಂದರು. ಕೊಂಡ ಮೇಲೆ ಗಾಲಿ ಬದಲಾಯಿಸುವ ಹವ್ಯಾಸಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಅದೇ ಜೋಡಿ ಎತ್ತು ಮೊದಲಿಗಿಂತ ಹೆಚ್ಚು ಹೊರೆ ಎಳೆಯತೊಡಗಿತು, ರಸ್ತೆಯೂ ಉಳಿಯಿತು.

ಆದರೆ ಇಲ್ಲಿಯೂ ಒಂದು ಲೆಕ್ಕ ಬಾಕಿ ಉಳಿಯಿತು. ಗಾಲಿ ಹಗುರವಾಗಿ ಉರುಳಿದರೆ ಇಳಿಜಾರಿನಲ್ಲಿ ತಡೆಯುವುದು ಕಷ್ಟ. ಹೊರೆ ಹೆಚ್ಚಿದ ಗಾಡಿ ಇಳಿಯುವಾಗ ಅದನ್ನು ತಡೆಯಬೇಕಾದದ್ದು ಎತ್ತಿನ ಹೆಗಲು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಯನ್ನೇ ತಮ್ಮ ಬದುಕಿನ ಕೆಲಸ ಮಾಡಿಕೊಂಡಿದ್ದರು. ಗಾಲಿ, ನೊಗ, ಬ್ರೇಕು ಇವನ್ನೆಲ್ಲ ಒಟ್ಟಿಗೆ ನೋಡಬೇಕು, ಎಳೆಯುವ ಪ್ರಾಣಿಯ ನೋವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅವರ ನಿಲುವಾಗಿತ್ತು. ಒಂದು ಭಾಗವನ್ನು ಮಾತ್ರ ಬದಲಾಯಿಸಿದರೆ ಭಾರ ಬೇರೆ ಯಾರದೋ ಹೆಗಲಿಗೆ ಬೀಳುತ್ತದೆ. ಈ ಮಾತು ಕಾರಿಗೂ ಅನ್ವಯಿಸುತ್ತದೆ.

ಬೆಳಕು ಬಂದ ಬಗೆ

ಈಗ ದೀಪದ ಕಥೆ. ಗಾಡಿಯ ಅಚ್ಚಿಗೆ ತೂಗುಹಾಕಿದ ಲಾಟೀನು ದಾರಿ ತೋರಿಸುತ್ತಿರಲಿಲ್ಲ. ಇಲ್ಲೊಂದು ಗಾಡಿ ಇದೆ ಎಂದು ಮಾತ್ರ ಹೇಳುತ್ತಿತ್ತು. ಎತ್ತಿಗೆ ದಾರಿ ಗೊತ್ತಿತ್ತು, ಹೊಡೆಯುವವನು ನಿದ್ದೆ ಹೋದರೂ ನಡೆಯುತ್ತಿತ್ತು. ಮೋಟಾರು ಬಂದಾಗ ಈ ಅನುಕೂಲ ತಪ್ಪಿತು. ಯಂತ್ರಕ್ಕೆ ದಾರಿ ಗೊತ್ತಿಲ್ಲ. ವೇಗ ಹೆಚ್ಚಿದಷ್ಟೂ ದೂರ ಕಾಣಬೇಕು.

ಮೊದಲಿನ ಕಾರುಗಳಲ್ಲಿ ಎಣ್ಣೆ ದೀಪವಿತ್ತು. ನಂತರ ಬಂದದ್ದು ಕಾರ್ಬೈಡ್ ದೀಪ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ಹನಿಹನಿಯಾಗಿ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಹೊತ್ತಿಸಿದರೆ ಬೆಳ್ಳಗೆ ಉರಿಯುತ್ತದೆ. ರಾತ್ರಿ ಹೊರಡುವ ಮುನ್ನ ಚಾಲಕ ದೀಪದ ಡಬ್ಬಿಯನ್ನು ತೊಳೆದು, ಕಾರ್ಬೈಡ್ ತುಂಬಿ, ನೀರಿನ ಹನಿಯನ್ನು ಸರಿಮಾಡಿ, ಕಡ್ಡಿ ಗೀರಬೇಕಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರು ವಿದ್ಯುತ್ ಸ್ಟಾರ್ಟರ್ ಮತ್ತು ವಿದ್ಯುತ್ ದೀಪಗಳೊಂದಿಗೆ ಬಂತು. 1913ರಲ್ಲಿ ಜರ್ಮನಿಯ ಬಾಷ್ ಕಂಪನಿ ಡೈನಮೋ, ಬ್ಯಾಟರಿ, ನಿಯಂತ್ರಕ, ಹೆಡ್‌ಲೈಟು ಎಲ್ಲ ಸೇರಿದ ಒಂದು ಜೋಡಣೆಯನ್ನು ಮಾರುಕಟ್ಟೆಗೆ ತಂದಿತು. ಯಾವುದೇ ಕಂಪನಿಯ ಕಾರಿಗೂ ಅದನ್ನು ಹೊರಗಿನಿಂದ ತಂದು ಅಳವಡಿಸಬಹುದಿತ್ತು. ವಿದ್ಯುತ್ ಹೆಡ್‌ಲೈಟೂ ಹೀಗೆ ಹಲವು ಕಾರುಗಳಿಗೆ ಕೊಂಡ ನಂತರ ಕೂಡಿಸಿದ ವಸ್ತುವಾಗಿಯೇ ಬಂತು.

ಇದೇ ಹೊತ್ತಿಗೆ ಕೊಳ್ಳೇಗಾಲದ ಪಕ್ಕದಲ್ಲೇ ವಿದ್ಯುತ್ತಿನ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದಿತ್ತು. ಕಾವೇರಿ ಕವಲೊಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುವ ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನ ವಿದ್ಯುದಾಗಾರ ಕಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ರೂಪುಗೊಂಡಿತು; 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಹೊರದೇಶದಿಂದ ಬಂದ ಭಾರಿ ಯಂತ್ರಗಳು ರೈಲಿನಿಂದ ಇಳಿದ ಮೇಲೆ ಪ್ರಾಣಿಗಳು ಎಳೆದ ಗಾಡಿಗಳ ಮೇಲೆ ಶಿವನಸಮುದ್ರ ಸೇರಿದವು. ಹೊಸ ಬೆಳಕನ್ನು ಹೊತ್ತು ತಂದದ್ದು ಹಳೆಯ ಗಾಲಿಯೇ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ತಂತಿಯ ಕೆಳಗಿದ್ದ ಹಳ್ಳಿಗಳು ಮಾತ್ರ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಓದಿದವು. ಆ ಕತ್ತಲೆಯ ಹಳ್ಳಿಗೆ ಆಗೊಮ್ಮೆ ಈಗೊಮ್ಮೆ ಬರುವ ಬಸ್ಸಿನ ಹೆಡ್‌ಲೈಟು ಎಂಥ ಅಚ್ಚರಿಯಾಗಿತ್ತು ಎಂಬುದನ್ನು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ತಿಳಿಯಿರಿ.

ಯುರೋಪಿನ ಕಾರು, ನಮ್ಮ ಗ್ಯಾರೇಜು

ಸ್ವಾತಂತ್ರ್ಯದ ನಂತರದ ಮೂರು ದಶಕಗಳಲ್ಲಿ ನಮ್ಮ ರಸ್ತೆಯಲ್ಲಿ ಓಡಿದ ಕಾರುಗಳೆಲ್ಲ ಬಹುಮಟ್ಟಿಗೆ ಯುರೋಪಿನ ಕಾರುಗಳೇ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯ ಪ್ರತಿರೂಪ; ಅದು 2014ರವರೆಗೂ ತಯಾರಾಯಿತು. ಬೊಂಬಾಯಿಯ ಪ್ರೀಮಿಯರ್ ಕಂಪನಿಯ ಪದ್ಮಿನಿ ಇಟಲಿಯ ಫಿಯಟ್ 1100. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಸರ್ಕಾರಿ ಅಧಿಕಾರಿ, ಡಾಕ್ಟರು, ರೇಷ್ಮೆ ವ್ಯಾಪಾರಿ, ಬಾಡಿಗೆ ಟ್ಯಾಕ್ಸಿ, ಎಲ್ಲರ ಪಾಲಿಗೂ ಇವೇ ಗತಿ.

ಈ ಕಾರುಗಳ ಮೂಲ ದೀಪ ಮಂದವಾಗಿತ್ತು. ಘಟ್ಟದ ದಾರಿಗೆ ಸಾಲುತ್ತಿರಲಿಲ್ಲ. ಆದರೆ ಅಂಬಾಸಿಡರಿನ ಏಳು ಅಂಗುಲದ ದುಂಡು ಹೆಡ್‌ಲೈಟು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದ್ದ ಅಳತೆ. ಹೀಗಾಗಿ ಹೊಸ ಬಲ್ಬು, ಹೊಸ ಪ್ರತಿಫಲಕ ಸಿಕ್ಕುವುದು ಸುಲಭವಾಯಿತು. ಯುರೋಪಿನಲ್ಲಿ 1962ರಲ್ಲಿ ಮೊದಲ ಹ್ಯಾಲೊಜೆನ್ ಕಾರು ಬಲ್ಬು, 1971ರಲ್ಲಿ ಎಚ್4 ಎಂಬ ಜೋಡಿ ತಂತುವಿನ ಬಲ್ಬು ಬಂದವು. ಬಲ್ಬಿನೊಳಗೆ ಅಯೋಡಿನ್ ಅಥವಾ ಬ್ರೋಮಿನ್ ಅನಿಲ ಸ್ವಲ್ಪ ಇದ್ದರೆ, ಕಾದ ತಂತುವಿನಿಂದ ಆವಿಯಾದ ಟಂಗ್‌ಸ್ಟನ್ ಗಾಜಿಗೆ ಮೆತ್ತಿಕೊಳ್ಳದೆ ಮತ್ತೆ ತಂತುವಿಗೇ ಮರಳುತ್ತದೆ. ಆದ್ದರಿಂದ ತಂತುವನ್ನು ಹೆಚ್ಚು ಕಾಯಿಸಬಹುದು, ಹೆಚ್ಚು ಬೆಳಕು ಪಡೆಯಬಹುದು.

ಸಾಮಾನ್ಯ ಎಚ್4 ಬಲ್ಬು ಡಿಪ್‌ಗೆ 55 ವ್ಯಾಟ್, ಮೇಲ್ಬೆಳಕಿಗೆ 60 ವ್ಯಾಟ್. ಇದು ಸಾಲದೆ 90/100 ವ್ಯಾಟ್ ಬಲ್ಬು ಹಾಕುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಹರಡಿತು. ಒಂದು ಲೆಕ್ಕ ಮಾಡೋಣ. 12 ವೋಲ್ಟಿನಲ್ಲಿ 60 ವ್ಯಾಟಿನ ಎರಡು ಬಲ್ಬುಗಳಿಗೆ 10 ಆಂಪಿಯರ್ ವಿದ್ಯುತ್ ಬೇಕು. 100 ವ್ಯಾಟಿನವು ಎರಡಾದರೆ ಸುಮಾರು 16.7 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ಶಾಖ ಸುಮಾರು 2.8 ಪಟ್ಟು. ಹಳೆಯ ತೆಳು ತಂತಿ, ಡ್ಯಾಷ್‌ಬೋರ್ಡಿನ ಪುಟ್ಟ ಸ್ವಿಚ್ಚು ಇದನ್ನು ತಡೆಯಲಾರವು. ಆಗ ಬಲ್ಲ ಆಟೋ ಎಲೆಕ್ಟ್ರಿಷಿಯನ್ ಮಾಡುತ್ತಿದ್ದ ಕೆಲಸ ರಿಲೇ ಕೂಡಿಸುವುದು. ಸ್ವಿಚ್ಚಿನಲ್ಲಿ ಅಲ್ಪ ವಿದ್ಯುತ್ ಮಾತ್ರ ಹರಿದು ರಿಲೇಯ ವಿದ್ಯುತ್ಕಾಂತವನ್ನು ಎಬ್ಬಿಸುತ್ತದೆ. ದೊಡ್ಡ ವಿದ್ಯುತ್ ದಪ್ಪ ತಂತಿಯ ಮೂಲಕ ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಹೋಗುತ್ತದೆ. ರಿಲೇ ಇಲ್ಲದೆ ಬಲ್ಬು ಮಾತ್ರ ಬದಲಾಯಿಸಿದರೆ ಮೊದಲು ಸುಡುವುದು ತಂತಿ.

ಗ್ಯಾರೇಜಿನ ಜ್ಞಾನದಲ್ಲಿ ಸರಿ ತಪ್ಪು ಎರಡೂ ಬೆರೆತಿರುತ್ತವೆ. ಹಳದಿ ದೀಪ ಮಂಜನ್ನು ಸೀಳುತ್ತದೆ ಎಂಬ ನಂಬಿಕೆಯನ್ನೇ ನೋಡಿ. ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಕಾರುಗಳಿಗೆ ಹಳದಿ ಹೆಡ್‌ಲೈಟು ಕಡ್ಡಾಯವಾಗಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಚದುರಿಸುತ್ತವೆ. ಬಿಳಿಗಿರಿಯ ಮಂಜಿನಲ್ಲಿ ಉಪಕಾರಕ್ಕೆ ಬರುವುದು ಬಣ್ಣವಲ್ಲ, ದೀಪ ಇರುವ ಎತ್ತರ. ಕೆಳಗೆ ಕೂಡಿಸಿದ, ಅಗಲವಾಗಿ ನೆಲಕ್ಕೆ ಬೀಳುವ ಬೆಳಕು ಮಂಜಿನಿಂದ ಕಣ್ಣಿಗೆ ಹಿಂದಿರುಗುವುದು ಕಡಿಮೆ.

ಇನ್ನೊಂದು, ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಳಿಯುವ ಪದ್ಧತಿ. ಎದುರಿನವರಿಗೆ ಕಣ್ಣು ಕುಕ್ಕದಿರಲಿ ಎಂಬ ಸದುದ್ದೇಶ ಇದರದು. ಆದರೆ ಎಚ್4 ದೀಪದಲ್ಲಿ ಡಿಪ್ ತಂತುವಿನ ಕೆಳಗೆ ಒಂದು ಚಿಕ್ಕ ಲೋಹದ ಬಟ್ಟಲು ಇರುತ್ತದೆ. ಆದ್ದರಿಂದ ಡಿಪ್ ಬೆಳಕು ಪ್ರತಿಫಲಕದ ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ತುಸು ಕೆಳಮುಖವಾಗಿ ಗಾಜಿನ ಮೇಲ್ಭಾಗದಿಂದಲೇ ಹೊರಬರುತ್ತದೆ. ಅಲ್ಲಿಯೇ ಕಪ್ಪು ಬಳಿದರೆ ಕಡಿಮೆಯಾಗುವುದು ಡಿಪ್ ಬೆಳಕು! ದಾರಿ ಕಾಣದ ಚಾಲಕ ಮತ್ತೆ ಮೇಲ್ಬೆಳಕಿಗೇ ಹೋಗುತ್ತಾನೆ.

ಹೊಳೆಯುವ ಗಾಲಿ

1983ರ ಕೊನೆಯಲ್ಲಿ ಮಾರುತಿ ಬಂತು. 1990ರ ದಶಕದಲ್ಲಿ ಆರ್ಥಿಕ ನೀತಿ ಬದಲಾಗಿ ಬೇರೆ ಬೇರೆ ದೇಶದ ಕಾರುಗಳು ಬಂದವು. ಟೈರೂ ಬದಲಾಯಿತು. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರನ್ನು ಭಾರತದಲ್ಲಿ 1977ರಲ್ಲಿ ಜೆ.ಕೆ. ಕಂಪನಿ ಮೊದಲು ತಯಾರಿಸಿತು. ನಮ್ಮ ಮೈಸೂರಿನಲ್ಲೇ ಹುಟ್ಟಿದ ವಿಕ್ರಾಂತ್ ಟೈರ್ಸ್ ಕಾರ್ಖಾನೆ 1997ರಲ್ಲಿ ಅದೇ ಕಂಪನಿಯ ಕೈಸೇರಿತು.

ಅಲ್ಯೂಮಿನಿಯಂ ಮಿಶ್ರಲೋಹದ ಗಾಲಿಯ ಹುಟ್ಟು ಓಟದ ಕಾರಿನಲ್ಲಿ. 1924ರ ಬುಗಾಟಿ ಟೈಪ್ 35 ಅದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಯೂಮಿನಿಯಂ ಸಾಂದ್ರತೆ ಉಕ್ಕಿನ ಮೂರನೆಯ ಒಂದು ಭಾಗದಷ್ಟು. ಗಾಲಿ ಹಗುರವಾದರೆ ಉಬ್ಬು ತಗ್ಗುಗಳಲ್ಲಿ ಟೈರು ನೆಲವನ್ನು ಬೇಗ ಹಿಂಬಾಲಿಸುತ್ತದೆ. ಲೋಹ ಶಾಖವನ್ನು ಚೆನ್ನಾಗಿ ಹರಿಯಬಿಡುತ್ತದೆ. ಆದರೆ ಗುಂಡಿಗೆ ಬಿದ್ದಾಗ ಉಕ್ಕಿನ ಗಾಲಿ ಬಾಗುತ್ತದೆ, ಸುತ್ತಿಗೆಯಿಂದ ತಟ್ಟಿ ಸರಿಮಾಡಿಕೊಂಡು ಊರು ಸೇರಬಹುದು. ಎರಕದ ಅಲಾಯ್ ಗಾಲಿ ಬಿರುಕು ಬಿಡಬಹುದು. ಕೌದಳ್ಳಿಯ ಆಚೆ, ಸಂಜೆಯ ಹೊತ್ತಿನಲ್ಲಿ, ಈ ವ್ಯತ್ಯಾಸ ಸಣ್ಣದಲ್ಲ.

ಗಾಲಿಯ ಅಳತೆ ಹೆಚ್ಚಿಸುವಾಗ ಒಂದು ನಿಯಮವಿದೆ: ಟೈರೂ ಸೇರಿ ಒಟ್ಟು ವ್ಯಾಸ ಬದಲಾಗಬಾರದು. 2010ರಿಂದ 2022ರವರೆಗೆ ಭಾರತದಲ್ಲಿ ಮಾರಾಟವಾದ ಜರ್ಮನಿಯ ಫೋಕ್ಸ್‌ವಾಗನ್ ಪೋಲೊ ಕಾರನ್ನು ತೆಗೆದುಕೊಳ್ಳಿ. ಕಡಿಮೆ ಬೆಲೆಯ ಮಾದರಿಗೆ 14 ಅಂಗುಲದ ಗಾಲಿ, 175/70 ಟೈರು. ಇದರಲ್ಲಿ 175 ಎಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ, 70 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 70. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಸುಮಾರು 601 ಮಿಲಿಮೀಟರ್. ಹೆಚ್ಚು ಬೆಲೆಯ ಮಾದರಿಗೆ 15 ಅಂಗುಲದ ಗಾಲಿ, 185/60 ಟೈರು. ಒಟ್ಟು ವ್ಯಾಸ 603. ಗಾಲಿ ದೊಡ್ಡದಾದರೂ ಟೈರಿನ ಪಕ್ಕೆ ತಗ್ಗಿದ್ದರಿಂದ ಮೊತ್ತ ಹಾಗೆಯೇ ಉಳಿಯಿತು. ಇದನ್ನು ತಿಳಿಯದೆ 15 ಅಂಗುಲದ ಗಾಲಿಗೆ 195/65 ಟೈರು ಹಾಕಿದರೆ ವ್ಯಾಸ ಸುಮಾರು 635 ಆಗುತ್ತದೆ. ಸ್ಪೀಡೋಮೀಟರಿನ ಮುಳ್ಳು 60 ತೋರಿಸುವಾಗ, ಮೊದಲಿನ ಟೈರಿನ ಲೆಕ್ಕದಲ್ಲಿ ಕಾರಿನ ನಿಜವಾದ ವೇಗ 63ನ್ನು ದಾಟಿರುತ್ತದೆ. ಮುಳ್ಳನ್ನು ನಂಬಿ ತಿರುವಿಗೆ ಹೊಕ್ಕವನಿಗೆ ತಾನು ಎಷ್ಟು ಜೋರಾಗಿದ್ದೇನೆಂದು ತಿಳಿದಿರುವುದಿಲ್ಲ.

ಎದುರಿನ ಕಣ್ಣು

ಇನ್ನು ಇಂದಿನ ಪ್ರಶ್ನೆಗೆ ಬರೋಣ. 1991ರಲ್ಲಿ ಬಿಎಂಡಬ್ಲ್ಯು ಕಾರಿನಲ್ಲಿ ಕ್ಸೆನಾನ್ ದೀಪ, 2008ರ ಸುಮಾರಿಗೆ ಆಡಿ ಕಾರಿನಲ್ಲಿ ಪೂರ್ತಿ ಎಲ್‌ಇಡಿ ಹೆಡ್‌ಲೈಟು ಬಂದವು. ಇವು ತಮ್ಮ ತಮ್ಮ ಮಸೂರ, ಪ್ರತಿಫಲಕಗಳೊಂದಿಗೆ ಒಂದಾಗಿ ರೂಪುಗೊಂಡ ದೀಪಗಳು. ಆದರೆ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬನ್ನು ಹಳೆಯ ಎಚ್4 ಪ್ರತಿಫಲಕದೊಳಗೆ ತುರುಕುವುದು ಬೇರೆ ಮಾತು. ಪ್ರತಿಫಲಕದ ಬಾಗು ಒಂದು ನಿರ್ದಿಷ್ಟ ಬಿಂದುವಿನಲ್ಲಿರುವ ಸಣ್ಣ ತಂತುವಿಗಾಗಿ ಲೆಕ್ಕ ಹಾಕಿದ್ದು. ಬೆಳಕಿನ ಮೂಲದ ಆಕಾರ, ಸ್ಥಾನ ಬದಲಾದರೆ ಡಿಪ್ ಬೆಳಕಿನ ಅಂಚು ಕದಡುತ್ತದೆ. ರಸ್ತೆಗೆ ಬೀಳಬೇಕಾದದ್ದು ಎದುರಿನವನ ಮುಖಕ್ಕೆ ಬೀಳುತ್ತದೆ.

ಹೊರದೇಶದಿಂದ ತರಿಸಿದ ಹೆಡ್‌ಲೈಟಿನಲ್ಲಿ ಇನ್ನೊಂದು ಅಪಾಯವಿದೆ. 1957ರಿಂದ ಯುರೋಪಿನಲ್ಲಿ ಡಿಪ್ ಬೆಳಕನ್ನು ಎರಡು ಬದಿಗೆ ಬೇರೆ ಬೇರೆಯಾಗಿ ಹಾಯಿಸುವ ಕ್ರಮ ಬಂತು: ಎದುರಿನ ವಾಹನದ ಕಡೆ ತಗ್ಗಾಗಿ, ರಸ್ತೆಯಂಚಿನ ಕಡೆ ತುಸು ಎತ್ತರವಾಗಿ. ಜರ್ಮನಿ, ಫ್ರಾನ್ಸ್, ಇಟಲಿಗಳಲ್ಲಿ ವಾಹನ ಓಡುವುದು ಬಲಗಡೆ, ನಮ್ಮಲ್ಲಿ ಎಡಗಡೆ. ಅಲ್ಲಿನ ದೀಪವನ್ನು ಇಲ್ಲಿ ಹಾಕಿದರೆ ಎತ್ತರದ ಬೆಳಕು ನೇರವಾಗಿ ಎದುರಿನ ಚಾಲಕನ ಕಣ್ಣಿಗೇ ಹಾಯುತ್ತದೆ.

ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ಅಳತೆ ಕೊಟ್ಟು ಹೇಳಿವೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಕುಕ್ಕದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎಂದು 106ನೇ ನಿಯಮ ಹೇಳುತ್ತದೆ. ಕಾನೂನಿನ ಭಾಷೆಯಲ್ಲಿ ಇಷ್ಟು ಮಾನವೀಯವಾದ ವಾಕ್ಯ ಅಪರೂಪ. ಅದು ದೀಪದ ಒಡೆಯನ ಬದಲು ಎದುರಿಗೆ ನಿಂತವನ ಕಣ್ಣನ್ನು ಅಳತೆಗೋಲು ಮಾಡಿಕೊಂಡಿದೆ. ತಯಾರಕರು ಕೊಟ್ಟ ಮೂಲ ಲಕ್ಷಣಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 1988ರ ಕಾಯ್ದೆಯ 52ನೇ ಕಲಮಿನ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು.

ಎದುರಿಗೆ ನಿಂತವರು ಯಾರು? ಹನೂರಿನ ದಾರಿಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಯ ಹೊತ್ತಿಗೆ ಸಾವಿರಾರು ಜನ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ಬಿಸಿಲು ತಪ್ಪಿಸಲು ಎಷ್ಟೋ ಜನ ರಾತ್ರಿ ನಡೆಯುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 16.7 ಮೀಟರ್ ಮುಂದೆ ಸಾಗುತ್ತದೆ. ಅಪಾಯ ಕಂಡು ಬ್ರೇಕು ಒತ್ತಲು ಒಂದೂವರೆ ಸೆಕೆಂಡ್, ಅಷ್ಟರಲ್ಲಿ 25 ಮೀಟರ್. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 24. ಒಟ್ಟು ಸುಮಾರು 49 ಮೀಟರ್. ಡಿಪ್ ಬೆಳಕಿನಲ್ಲಿ ಕಪ್ಪು ಕಂಬಳಿ ಹೊದ್ದವನು ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ದೂರದಿಂದ. 80ರ ವೇಗದಲ್ಲಿ ನಿಲ್ಲಲು ಸುಮಾರು 75 ಮೀಟರ್ ಬೇಕು. ಇಷ್ಟರ ಮೇಲೆ ಎದುರಿನ ಕಾರಿನ ಪ್ರಖರ ದೀಪಕ್ಕೆ ಚಾಲಕನ ಕಣ್ಣು ಕತ್ತಲಿಟ್ಟರೆ, ಅದು ಮರಳಿ ಹೊಂದಿಕೊಳ್ಳುವ ಕೆಲವು ಸೆಕೆಂಡುಗಳಲ್ಲಿ ಕಾರು ಕುರುಡಾಗಿಯೇ ಓಡುತ್ತದೆ. ಆ ಹೊತ್ತಿನಲ್ಲಿ ರಸ್ತೆಯಂಚಿನಲ್ಲಿ ನಡೆಯುತ್ತಿರುವ ಹೆಂಗಸಿಗೂ ಮಗುವಿಗೂ ಆ ಹೊಸ ದೀಪದ ಬೆಲೆ ಏನೆಂದು ಗೊತ್ತಿರುವುದಿಲ್ಲ.

ಮನುಷ್ಯರಷ್ಟೇ ಅಲ್ಲ. ಮಾದಪ್ಪನ ವಾಹನ ಹುಲಿ ಎಂದು ನಮ್ಮ ಜನಪದರು ಹಾಡುತ್ತಾರೆ. ಆ ವಾಹನಕ್ಕೆ ದೀಪ ಬೇಕಿಲ್ಲ. ಹುಲಿ, ಚಿರತೆ, ಕಡವೆಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಒಂದು ಪದರವಿದೆ. ಒಮ್ಮೆ ಹಾದುಹೋದ ಬೆಳಕನ್ನು ಅದು ಮತ್ತೆ ಒಳಕ್ಕೆ ಹಿಂದಿರುಗಿಸುವುದರಿಂದ ನಕ್ಷತ್ರದ ಬೆಳಕೇ ಅವುಗಳಿಗೆ ಸಾಕು. ಅಂಥ ಕಣ್ಣಿಗೆ ಹೆಡ್‌ಲೈಟು ಹೊಡೆದಾಗ ಪ್ರಾಣಿ ದಿಕ್ಕುತೋಚದೆ ರಸ್ತೆಯ ನಡುವೆ ನಿಂತುಬಿಡುತ್ತದೆ. ಬಿಳಿಗಿರಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಅರಣ್ಯ 2013ರಲ್ಲಿ ವನ್ಯಜೀವಿ ಧಾಮವಾಯಿತು. ಇದೇ ಜಿಲ್ಲೆಯ ಬಂಡೀಪುರದಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಂತು. ಯಳಂದೂರಿನ ಹೆದ್ದಾರಿ ಮುಂದೆ 27 ತಿರುವುಗಳಲ್ಲಿ ಇಳಿಯುವ ದಿಂಬಂ ಘಟ್ಟದಲ್ಲಿ 2022ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟ್ ಆದೇಶದಿಂದ ತಡೆ ಬಂತು. ದೀಪ ಎಷ್ಟೇ ಸುಧಾರಿಸಿದರೂ ಕೆಲವು ರಸ್ತೆಗಳಲ್ಲಿ ರಾತ್ರಿ ಅದನ್ನು ಆರಿಸುವುದೇ ಸರಿ ಎಂದು ಸಮಾಜ ತೀರ್ಮಾನಿಸಿತು.

ಹಾಗಾದರೆ ಗಾಲಿ, ದೀಪ ಬದಲಾಯಿಸುವುದೇ ತಪ್ಪೇ? ಅಲ್ಲ. ಮರದ ಗಾಲಿ ಹೋಗಿ ಟೈರು ಬಂದದ್ದು ಒಳ್ಳೆಯದೇ. ಕಾರ್ಬೈಡ್ ಹೋಗಿ ವಿದ್ಯುತ್ ಬಂದದ್ದೂ ಒಳ್ಳೆಯದೇ. ಒಳ್ಳೆಯ ಬದಲಾವಣೆಗಳಲ್ಲೆಲ್ಲ ಗಾಡಿಯ ಜೊತೆಗೆ ರಸ್ತೆಯೂ, ಎತ್ತೂ, ಎದುರಿನ ಕಣ್ಣೂ ಲೆಕ್ಕದಲ್ಲಿ ಸೇರಿದ್ದವು. ಕಡಿಮೆ ಖರ್ಚಿನಲ್ಲಿ ಇಂದೇ ಮಾಡಬಹುದಾದ ಒಂದು ಸುಧಾರಣೆಯನ್ನು ಹೇಳಿ ಮುಗಿಸುತ್ತೇನೆ. ಕಬ್ಬು ತುಂಬಿದ ಎತ್ತಿನ ಗಾಡಿಯ ಹಿಂದೆ, ಟ್ರ್ಯಾಕ್ಟರಿನ ಟ್ರೇಲರಿಗೆ, ಪಾದಯಾತ್ರಿಯ ಚೀಲಕ್ಕೆ ಒಂದು ಗೇಣು ಪ್ರತಿಫಲಕ ಪಟ್ಟಿ ಅಂಟಿಸಿದರೆ ಸಾಕು. ಅದು ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ, ಹುಲಿಯ ಕಣ್ಣು ಮಾಡುವಂತೆ. ಅದನ್ನು ಕಂಡ ಕಾರಿನವನಿಗೆ 100 ವ್ಯಾಟಿನ ಬಲ್ಬೂ ಬೇಕಾಗುವುದಿಲ್ಲ.

ತರಗತಿಯಲ್ಲಿ ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಊರಿನ ಒಂದು ವಾಹನದ ಟೈರಿನ ಮೇಲೆ ಬರೆದ ಅಂಕಿಗಳನ್ನು ಗುರುತು ಮಾಡಿಕೊಂಡು ಒಟ್ಟು ವ್ಯಾಸ, ಸುತ್ತಳತೆ ಲೆಕ್ಕ ಹಾಕಿ. ಅದು ಒಂದು ಕಿಲೋಮೀಟರಿಗೆ ಎಷ್ಟು ಸುತ್ತು ಉರುಳುತ್ತದೆ?

2. ಒಂದು ಕಾರನ್ನು ಸಮನಾದ ನೆಲದಲ್ಲಿ ಗೋಡೆಯಿಂದ 8 ಮೀಟರ್ ದೂರ ನಿಲ್ಲಿಸಿ, ಹಿರಿಯರ ಸಹಾಯದಿಂದ ಡಿಪ್ ದೀಪ ಹೊತ್ತಿಸಿ. ಬೆಳಕಿನ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ? ಒಂದೂವರೆ ಮೀಟರಿಗಿಂತ ಕೆಳಗಿದೆಯೇ?

3. ನಿಮ್ಮ ಊರಿನ ಬಡಗಿ, ಕಮ್ಮಾರ ಅಥವಾ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕಂಡು ಗಾಲಿಯ ಭಾಗಗಳಿಗೆ ಅವರು ಬಳಸುವ ಹೆಸರುಗಳನ್ನು ಪಟ್ಟಿ ಮಾಡಿ.

4. ಚರ್ಚಿಸಿ: ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರ ತಡೆದರೆ ಯಾರಿಗೆ ನಷ್ಟ, ಯಾರಿಗೆ ಲಾಭ? ಘಟ್ಟದ ಮೇಲಿನ ಹಳ್ಳಿಯ ರೋಗಿಯ ದೃಷ್ಟಿಯಿಂದಲೂ ಯೋಚಿಸಿ.